ಕೊಚ್ಚಿಯಲ್ಲಿ ಕಲಿತ ಎರಡಕ್ಷರ

ಎರ್ಣಾಕುಳಂ

ನಮ್ಮ ವಿಭಾಗದಲ್ಲಿ ಪರದೇಶ ನೋಡದವಳು ಅಂತ ಇದ್ದರೆ ನಾನೊಬ್ಬಳೇ. ಒಬ್ಬರು ಜರ್ಮನಿಗೆ ಹೋಗಿಬಂದು ವರ್ಷಗಳಾದರೂ ಅಲ್ಲಿನ ಬ್ರೆಡ್ಡಿನ ಗುಣಗಾನ ನಿಲ್ಲಿಸಿಲ್ಲ. ಇನ್ನೊಬ್ಬರು ಮಾಸ್ಕೋದಿಂದ ತಂದ ಉಣ್ಣೆ ಟೋಪಿಯನ್ನು ಮೈಸೂರಿನಲ್ಲೂ ಹಾಕಿಕೊಂಡು ಬೆವರುತ್ತಾರೆ. ನನ್ನ ಪಾಲಿಗೆ ಬಂದ ಪರದೇಶ ಕೊಚ್ಚಿ. "ಪಾಸ್‌ಪೋರ್ಟ್ ಬೇಡವಂತೆ, ಕೊಡೆ ಇದ್ದರೆ ಸಾಕಂತೆ" ಎಂದು ಸ್ಟಾಫ್ ರೂಮಿನಲ್ಲಿ ನಗೆಯಾಡಿದರು. ನಗಲಿ ಬಿಡಿ. ಪರದೇಶಕ್ಕೆ ಹೋಗಿಬಂದವರಿಗೆ ನಮ್ಮಲ್ಲಿ ಮರ್ಯಾದೆ, ಪರದೇಶಿ ಅಂದರೆ ಮಾತ್ರ ದಿಕ್ಕುದೆಸೆ ಇಲ್ಲದವರು. ನಾನು ಹೋಗಿ ಸೇರಿದ್ದು ಎರಡನೆಯ ಗುಂಪಿಗೆ.

ಎಪ್ಪತ್ತರ ದಶಕ ಶುರುವಾಗಿತ್ತಷ್ಟೆ. ನನ್ನ ವಿಷಯ ಸಂಖ್ಯಾಶಾಸ್ತ್ರ. ಒಂದು ಯಂತ್ರ ಎಷ್ಟು ಕಾಲ ನೆಟ್ಟಗೆ ಓಡುತ್ತದೆ, ಯಾವಾಗ ಕೆಡುತ್ತದೆ ಅಂತ ಮುಂಚಿತವಾಗಿ ಅಂದಾಜು ಮಾಡುವ ಲೆಕ್ಕ. ಕಾಲೇಜಿನ ಮೇಷ್ಟರುಗಳು ನನ್ನನ್ನು "ಯಂತ್ರದ ಜೋಯಿಸರು" ಎಂದು ಕರೆಯುತ್ತಿದ್ದರು. ಕವಡೆ ಎಲ್ಲಿ, ಪಂಚಾಂಗ ಎಲ್ಲಿ ಅಂತ ಕಾಡುತ್ತಿದ್ದರು. ಕೊಚ್ಚಿಯಲ್ಲಿ ಮೀನು ಹಿಡಿಯುವ ಮೋಟಾರು ಬೋಟುಗಳು ಸಾಲುಸಾಲಾಗಿ ಬಂದಿದ್ದ ಕಾಲ ಅದು. ಒಂದೇ ಜಾತಿಯ ಡೀಸೆಲ್ ಎಂಜಿನ್ನು, ಒಂದೇ ಉಪ್ಪುನೀರು, ಕಣ್ಣು ಹಾಯಿಸಿದಷ್ಟು ಬೋಟು. ನಮ್ಮಂಥವರಿಗೆ ಇದಕ್ಕಿಂತ ಹಬ್ಬದೂಟ ಇಲ್ಲ. ಬೇಸಿಗೆ ರಜೆ ಪೂರ್ತಿ ಅಲ್ಲಿದ್ದು ಎಂಜಿನ್ನುಗಳ ಪೂರ್ವೋತ್ತರ ಕೇಳಿ ಬರೆದುಕೊಳ್ಳುವುದು, ಕೊನೆಗೆ ತಿರುವನಂತಪುರದ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿ ಊರಿಗೆ ಮರಳುವುದು ಅಂತ ಏರ್ಪಾಟು.

ರೈಲಿಳಿದ ತಕ್ಷಣವೇ ಭಾಷೆ ಕೈಕೊಟ್ಟಿತು. ಕೂಲಿಯವನು ನನ್ನ ಟ್ರಂಕು ತಲೆಯ ಮೇಲಿಟ್ಟುಕೊಂಡು ಬೋಟ್ ಜೆಟ್ಟಿಗೆ ಹೋಗುವ ದಾರಿಯನ್ನು ಉದ್ದಕ್ಕೆ ವಿವರಿಸಿ, "ಮನಸ್ಸಿಲಾಯೋ?" ಎಂದು ಕೇಳಿದ. ನಾನು ಅದನ್ನು "ಮನಸ್ಸಿಲ್ಲವೋ?" ಅಂದುಕೊಂಡು, "ಮನಸ್ಸಿದೆ, ಮನಸ್ಸಿದೆ, ನಡೆಯಪ್ಪ" ಅಂದೆ. ಅವನು ಇನ್ನೊಮ್ಮೆ ಮೊದಲಿನಿಂದ ವಿವರಿಸಿ ಮತ್ತೆ ಅದನ್ನೇ ಕೇಳಿದ. ನಾನು ಇನ್ನೂ ಜೋರಾಗಿ ಮನಸ್ಸಿದೆ ಅಂದೆ. "ಅರ್ಥವಾಯಿತೇ" ಅಂತ ಅವನ ಪ್ರಶ್ನೆ ಎಂದು ಮಾರನೆಯ ದಿನ ಗೊತ್ತಾಯಿತು.

ಗೊತ್ತು ಮಾಡಿಸಿದವರು ಸಾವಿತ್ರಕ್ಕ. ಅವರ ಯಜಮಾನರು ಶಂಕರನಾರಾಯಣ ಭಟ್ಟರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ಕಾಸರಗೋಡಿನ ಕಡೆಯವರು, ಎರ್ಣಾಕುಳಂನಲ್ಲಿ ಬೋಟ್ ಜೆಟ್ಟಿಯ ಹತ್ತಿರವೇ ಮನೆ. ನಮ್ಮ ಪ್ರೊಫೆಸರರ ಪರಿಚಯದ ಮೇಲೆ ನನ್ನನ್ನು ಒಂದು ರಾತ್ರಿ ಇಟ್ಟುಕೊಂಡು ಉಪಚರಿಸಿದರು. ಸಾವಿತ್ರಕ್ಕ ನಕ್ಕು ನಕ್ಕು ಸುಸ್ತಾಗಿ, "ನೀವು ಇಲ್ಲಿ ಕನ್ನಡದಂತೆ ಕೇಳುವ ಶಬ್ದವನ್ನೇ ನಂಬ್ಲಿಕ್ಕಿಲ್ಲ ಆಯ್ತಾ. ಗೊತ್ತಿಲ್ಲದ ಶಬ್ದ ಮೋಸ ಮಾಡುದಿಲ್ಲ, ಗೊತ್ತಿದ್ದ ಹಾಗೆ ಕಾಣುದೇ ಮೋಸ ಮಾಡುದು" ಅಂದರು. ಅವರ ಮಗಳು ಎಂಟನೇ ತರಗತಿ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತಿತ್ತು. ಸಾವಿತ್ರಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದರು.

ಫೋರ್ಟ್ ಕೊಚ್ಚಿ

ಭಟ್ಟರ ಕಚೇರಿಯ ಟೈಪಿಸ್ಟ್ ಹುಡುಗಿಯೊಬ್ಬಳ ಅಕ್ಕ ಫಿಲೋಮಿನಾ. ನೀರಿನ ಆಚೆ ಫೋರ್ಟ್ ಕೊಚ್ಚಿಯಲ್ಲಿ ಅವಳ ಮನೆ. ಮುಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಮನೆಯಲ್ಲಿ ಇದ್ದದ್ದು ಮೂವರು: ಫಿಲೋಮಿನಾ, ಅವಳ ಗಂಡ ಆಂತೋಣಿ, ಸದಾ ಜಪಮಣಿ ಹಿಡಿದು ಕೂತಿರುತ್ತಿದ್ದ ಅತ್ತೆ. ಆಂತೋಣಿ 'ಮರಿಯ' ಎಂಬ ಬೋಟಿನ ಎಂಜಿನ್ ಡ್ರೈವರು. ಸಂಜೆ ಬಲೆ ಹೇರಿಕೊಂಡು ಹೋದರೆ ಬರುವುದು ಬೆಳಿಗ್ಗೆ.

ಫಿಲೋಮಿನಾಗೂ ನನಗೂ ಒಂದೇ ವಯಸ್ಸು. ಅವಳು ನನ್ನನ್ನು ಟೀಚರ್ ಅನ್ನುತ್ತಿದ್ದಳು, ನಾನು ಹೆಸರು ಹಿಡಿದೇ ಕರೆಯುತ್ತಿದ್ದೆ. ನಾನು ಮೀನು ಮುಟ್ಟುವುದಿಲ್ಲ ಅಂದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಾಪ, ಇದಕ್ಕೇ ಇಷ್ಟು ತೆಳ್ಳಗಿದ್ದಾಳೆ ಅನ್ನುವ ಹಾಗೆ ನಿಟ್ಟುಸಿರು ಬಿಟ್ಟಳು. ಮರುದಿನ ಪೇಟೆಯಿಂದ ಹೊಸ ಮಣ್ಣಿನ ಚಟ್ಟಿ ಬಂತು. ಅದರಲ್ಲಿ ನನಗೊಬ್ಬಳಿಗೇ ಅಂತ ಗಂಜಿ, ಹೆಸರುಕಾಳು. ಆ ಚಟ್ಟಿಯನ್ನು ಮನೆಯಲ್ಲಿ ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ಕುಸುಲಕ್ಕಿ ಗಂಜಿ ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೈಸೂರಿನ ಸಣ್ಣಕ್ಕಿ ತಿಂದು ಬೆಳೆದ ನಾಲಿಗೆಗೆ ಅದು ಬೆಣಚುಕಲ್ಲಿನ ಹಾಗೆ. ಆದರೆ ಹಸಿವಿಗೆ ರುಚಿ ಬೇಕೇ?

ಬೆಳಗಾದರೆ ನಾನು ದಕ್ಕೆಗೆ ಹೋಗುತ್ತಿದ್ದೆ. ಬೋಟುಗಳು ಬಂದು ನಿಲ್ಲುತ್ತಿದ್ದಂತೆ ಡ್ರೈವರುಗಳನ್ನು ಹಿಡಿದು ಕೇಳುವುದು: ಎಂಜಿನ್ನಿಗೆ ಎಷ್ಟು ವಯಸ್ಸು, ಯಾವಾಗ ಕೈಕೊಟ್ಟಿತು, ಎಷ್ಟು ಓಡಿದ ಮೇಲೆ? ನನ್ನ ಭಾಷೆ ಕೇಳಬೇಕಿತ್ತು ನೀವು. ಮೈಸೂರಿನ ಪಕ್ಕದ ಮನೆಯವರಿಂದ ಕಲಿತ ತಮಿಳು ಅರ್ಧ, ಕನ್ನಡ ಅರ್ಧ, ಕೊನೆಗೆ 'ಹೌದೇ' ಅನ್ನುವ ಅವರ 'ಆಣೋ' ಸೇರಿಸಿದರೆ ಮಲಯಾಳ ಆಯಿತು ಅನ್ನುವ ಧೈರ್ಯ. ಒಂದು ಪದದ ಮೇಲೆ ಮಾತ್ರ ನನಗೆ ಪೂರ್ತಿ ಭರವಸೆ ಇತ್ತು. ಯಂತ್ರ ಹಾಳಾದರೆ ಅವರು 'ಕೇಡಾಯಿ' ಅನ್ನುತ್ತಿದ್ದರು. ನಮ್ಮ ಕೇಡು, ನಮ್ಮ ಕೆಡು, ನಮ್ಮ ಕೆಟ್ಟಿತು! ತಮಿಳಿನಲ್ಲೂ ಕೆಟ್ಟು ಪೋಚ್ಚು ಅಂತಲೇ ಅನ್ನುವುದು. ನನ್ನ ಸಂಶೋಧನೆಯ ಬೇರು ಪದವೇ ಇಲ್ಲೂ ಅದೇ ಆಗಿದೆ, ಇನ್ನೇನು ಬೇಕು ಅಂತ ಬೀಗಿದೆ.

ಈ ವಿದ್ಯೆಯಲ್ಲಿ ಒಂದು ಗೆರೆ ಬರುತ್ತದೆ. ಯಂತ್ರ ಹೊಸದಾಗಿದ್ದಾಗ ಕೆಡುವ ಭಯ ಜಾಸ್ತಿ, ಆಮೇಲೆ ಬಹುಕಾಲ ಕಡಿಮೆ, ಮುಪ್ಪಿನಲ್ಲಿ ಮತ್ತೆ ಜಾಸ್ತಿ. ಇಂಗ್ಲಿಷಿನವರು ಆ ಗೆರೆಗೆ ಸ್ನಾನದ ತೊಟ್ಟಿಯ ಹೆಸರಿಟ್ಟಿದ್ದಾರೆ. ಹಂಡೆಯಿಂದ ತೋಡಿಕೊಂಡು ಸ್ನಾನ ಮಾಡುವ ನಮಗೆ ಅದೆಲ್ಲಿ ಹೊಳೆಯಬೇಕು? ನಾನು ಕ್ಲಾಸಿನಲ್ಲಿ ತೊಟ್ಟಿಲು ಅಂತಲೇ ಹೇಳಿಕೊಡುವುದು. ಆಂತೋಣಿಗೂ ಒಂದು ದಿನ ಕಾಗದದ ಮೇಲೆ ತೊಟ್ಟಿಲು ಬರೆದು ತೋರಿಸಿದೆ. ಅವನು ಗಂಭೀರವಾಗಿ ನೋಡಿ, ತೊಟ್ಟಿಲಿನ ನಡುವಿನ ತಗ್ಗಿನಲ್ಲಿ ಬೆರಳಿಟ್ಟು, "ನನ್ನ ಎಂಜಿನ್ನು ಇಲ್ಲಿ ಮಲಗಿದೆ, ಎಬ್ಬಿಸಬೇಡಿ ಟೀಚರ್" ಅಂದ. ಅವತ್ತಿಂದ ಸಂಜೆ ಬೋಟಿಗೆ ಹೊರಡುವಾಗೆಲ್ಲ ಬಾಗಿಲಲ್ಲಿ ನಿಂತು, ಇವತ್ತಿನ ಜಾತಕ ಹೇಗಿದೆ ಎಂದು ಕೇಳಿ ನಗಿಸಿ ಹೋಗುತ್ತಿದ್ದ.

ನಗು ಅಷ್ಟೇ. ಉಳಿದ ಹೊತ್ತು ನಾನು ಮೂಗಿ. ಒಂಟಿತನ ಅನ್ನುವುದು ಜನ ಇಲ್ಲದ ಕಡೆ ಬರುತ್ತದೆ ಅಂದುಕೊಂಡಿದ್ದೆ. ಅದು ತಪ್ಪು. ತುಂಬಿದ ದೋಣಿಯಲ್ಲಿ ಎಲ್ಲರೂ ಒಂದು ಮಾತಿಗೆ ಗೊಳ್ಳನೆ ನಕ್ಕಾಗ ನೀವೊಬ್ಬರೇ ಮುಖ ಮುಖ ನೋಡುತ್ತ ಕೂರಬೇಕು, ಆಗ ಗೊತ್ತಾಗುತ್ತದೆ. ಭಾನುವಾರ ಮನೆಯವರೆಲ್ಲ ಪಳ್ಳಿಗೆ, ಅಂದರೆ ಅವರ ಚರ್ಚಿಗೆ, ಹೋಗಿಬಿಡುತ್ತಿದ್ದರು. ನಾನು ಪಡಸಾಲೆಯಲ್ಲಿ ಕೂತು ಕಾಗೆಯ ಜೊತೆ ಕನ್ನಡ ಮಾತಾಡುತ್ತಿದ್ದೆ. "ಏನಮ್ಮ, ತಿಂಡಿ ಆಯ್ತಾ?" ಅಂದರೆ ಅದು ಕತ್ತು ವಾರೆ ಮಾಡಿ ನೋಡುತ್ತಿತ್ತು. ಸತ್ಯ ಹೇಳುತ್ತೇನೆ, ಒಂದು ಭಾನುವಾರ ಅದು ಬರಲಿಲ್ಲ ಅಂತ ಕಣ್ಣಲ್ಲಿ ನೀರು ಬಂತು. ಮೈಸೂರಿನಲ್ಲಿ ನಾನು ಯಾರನ್ನೂ ಹಚ್ಚಿಕೊಂಡವಳಲ್ಲ, ಅಮ್ಮ ತೀರಿಹೋದ ಮೇಲೆ ಮನೆಗೆ ಬಂದರೆ ಮಾತಾಡುವವರು ಇರಲಿಲ್ಲ. ಅಲ್ಲಿ ಅದು ಕಾಣಿಸುತ್ತಿರಲಿಲ್ಲ, ಇಲ್ಲಿ ಕಾಣಿಸಿತು.

ದಕ್ಕೆ

ಮುಂಗಾರು ಇನ್ನೂ ಬಂದಿರಲಿಲ್ಲ, ಬರುವ ಸೂಚನೆ ಇತ್ತು. ನಾನು ತಿರುವನಂತಪುರಕ್ಕೆ ಹೊರಡುವ ಹಿಂದಿನ ಸಂಜೆ ಪಡುವಣ ದಿಕ್ಕು ಕಪ್ಪಿಟ್ಟಿತು. ಬೋಟುಗಳು ಆಗಲೇ ಹೋಗಿಯಾಗಿತ್ತು. ಸ್ವಲ್ಪ ಹೊತ್ತಿಗೆ ಗಾಳಿ, ಮಳೆ. ಹೆಂಚು ಹಾರಿಹೋಗುವಷ್ಟು ಗಾಳಿ. ಫಿಲೋಮಿನಾ ಕಿಟಕಿ ಮುಚ್ಚಿ, ಇದು ಮಾಮೂಲು, ಬೇಗ ನಿಲ್ಲುತ್ತದೆ ಎಂದು ಕೈಸನ್ನೆಯಲ್ಲಿ ನನಗೇ ಸಮಾಧಾನ ಹೇಳಿದಳು. ಅವಳು ಹೇಳಿದ ಹಾಗೇ ನಿಂತಿತು.

ಬೆಳಿಗ್ಗೆ ಬೋಟುಗಳು ಒಂದೊಂದಾಗಿ ಬಂದವು. ಮರಿಯ ಬರಲಿಲ್ಲ. ಬಿಸಿಲೇರಿದರೂ ಬರಲಿಲ್ಲ. ದಕ್ಕೆಯಲ್ಲಿ ಹೆಂಗಸರು ಸೇರಿದ್ದರು. ಫಿಲೋಮಿನಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಆಗ ಪೌಲೋಸ್ ಎಂಬುವನು ಬಂದ. ಅವನ ಬೋಟು ಮರಿಯದ ಹತ್ತಿರದಲ್ಲೇ ಬಲೆ ಬಿಟ್ಟಿತ್ತಂತೆ. ನಾಲ್ಕು ಮಾತಿನಲ್ಲಿ ಏನೋ ಹೇಳಿದ. ನನಗೆ ತಿಳಿದಿದ್ದು ಗಾಳಿ, ಮಳೆ, ಮರಿಯ, ಆಮೇಲೆ ಕೊನೆಯ ಮಾತು. "ಪಿನ್ನೆ ವಿಳಕ್ಕು ಕೆಟ್ಟು."

ಪಿನ್ನೆ ಅಂದರೆ ಆಮೇಲೆ, ವಿಳಕ್ಕು ಅಂದರೆ ದೀಪ, ಅಷ್ಟು ಕಲಿತಿದ್ದೆ. ಕೆಟ್ಟು ಅಂದರೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೋಟಿನ ದೀಪ ಕೆಟ್ಟಿದೆ! ಇಷ್ಟೇನಾ? ನನ್ನ ತಲೆ ತನ್ನ ಚಾಳಿಯಂತೆ ಓಡಿತು. ದೀಪ ಬೇರೆ, ಎಂಜಿನ್ ಬೇರೆ. ಎಂಜಿನ್ ಕೆಟ್ಟಿತು ಅಂತ ಇವನು ಹೇಳಲಿಲ್ಲವಲ್ಲ. ದೀಪ ಕೆಟ್ಟ ಬೋಟು ಕತ್ತಲೆಯಲ್ಲಿ ಓಡಾಡುವುದು ಬೇಡ ಅಂತ ಎಲ್ಲೋ ಲಂಗರು ಹಾಕಿ ನಿಂತಿರುತ್ತದೆ, ಮಧ್ಯಾಹ್ನಕ್ಕೆ ಬರುತ್ತದೆ. ಸುತ್ತ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಿದ್ದು ಕಂಡು, ಇವರದೊಂದು ಅತಿಯಾಯಿತು ಅಂದುಕೊಂಡೆ. ಫಿಲೋಮಿನಾಳ ಭುಜ ತಟ್ಟಿ, ನಗುತ್ತ, ಆ ಊರಿನಲ್ಲಿ ದಿನಕ್ಕೆ ಹತ್ತು ಸಲ ಕೇಳಿ ಬಾಯಿಗೆ ಕೂತಿದ್ದ ಮಾತು ಹೇಳಿದೆ. "ಸಾರಮಿಲ್ಲ, ಫಿಲೋಮಿನಾ. ಸಾರಮಿಲ್ಲ." ಪರವಾಗಿಲ್ಲ, ದೊಡ್ಡ ವಿಷಯವಲ್ಲ ಅಂತ.

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಪೌಲೋಸ್ ನನ್ನನ್ನೇ ನೋಡಿದ. ಎಂಜಿನ್ನುಗಳ ಭವಿಷ್ಯ ಬರೆಯುವ ಟೀಚರ್ ಎಂದು ಅಲ್ಲಿ ಎಲ್ಲರಿಗೂ ಗೊತ್ತಿದ್ದವಳು ನಾನು. ಫಿಲೋಮಿನಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕೈ ಹಿಡಿದು ಮನೆಗೆ ಹೊರಟಳು. ಬಂದವಳೇ ಒಲೆ ಹಚ್ಚಿ ನನ್ನ ಚಟ್ಟಿಯಲ್ಲಿ ಗಂಜಿಗೆ ಇಟ್ಟಳು. ಆಂತೋಣಿಗೆ ಅಂತ ಮೀನು ಸಾರಿಗೆ ತೆಂಗಿನಕಾಯಿ ತುರಿದಳು. ಅತ್ತೆ ಏನೋ ಕೇಳಿದ್ದಕ್ಕೆ "ಟೀಚರ್ ಪರಞ್ಞು" ಅಂದಳು. ಟೀಚರ್ ಹೇಳಿದ್ದಾರೆ. ನನಗೆ ಹೆಮ್ಮೆಯೇ ಆಯಿತು ಅಂದರೆ ನಂಬುತ್ತೀರಾ! ಅಷ್ಟು ವಾರಗಳಲ್ಲಿ ಮೊದಲ ಸಲ ನನ್ನಿಂದ ಯಾರಿಗೋ ಒಂದು ಉಪಕಾರವಾಯಿತು ಅನ್ನಿಸಿತು. ಗಂಜಿ ಕುಡಿದು, ಮೀನು ಸಾರು ತಿನ್ನುವವನಿಗೆ ನನ್ನ ನಮಸ್ಕಾರ ತಿಳಿಸು ಎಂದು ಹೇಳಿ ಎರ್ಣಾಕುಳಂನ ದೋಣಿ ಹತ್ತಿದೆ.

ಮತ್ತೆ ಎರ್ಣಾಕುಳಂ

ರೈಲಿಗೆ ಹೊತ್ತಿತ್ತು. ಭಟ್ಟರ ಮನೆಯಲ್ಲಿ ಊಟ ಮುಗಿಸಿ ಹೋಗಿ ಎಂದು ಮೊದಲೇ ಕರೆದಿದ್ದರು. ಕನ್ನಡ ಸಿಕ್ಕ ಸಂತೋಷಕ್ಕೆ ನಾನು ಬಾಗಿಲಲ್ಲೇ ಶುರು ಮಾಡಿದೆ. ದಕ್ಕೆಯ ಹೆಂಗಸರು, ಪೌಲೋಸ್, ದೀಪ ಕೆಟ್ಟಿದ್ದಕ್ಕೇ ಇಷ್ಟು ರಂಪ, ಎಲ್ಲವನ್ನೂ ರಂಗುರಂಗಾಗಿ ಹೇಳಿದೆ. ಸಾವಿತ್ರಕ್ಕನ ಕೈಯಲ್ಲಿ ಸೌಟಿತ್ತು. ಅದನ್ನು ಕೆಳಗಿಟ್ಟರು.

"ಅವ ಎಂತ ಹೇಳಿದ್ದು? ಸರಿಯಾಗಿ ಹೇಳಿ. ಕೇಡಾಯಿ ಅಂತ ಹೇಳಿದ್ದಾ, ಕೆಟ್ಟು ಅಂತ ಹೇಳಿದ್ದಾ?"

"ಕೆಟ್ಟು ಅಂದ. ಎರಡೂ ಒಂದೇ ಅಲ್ವಾ?"

"ಅಯ್ಯೋ ದೇವರೇ, ಒಂದೇ ಅಲ್ಲ ಮಾರಾಯ್ತಿ. ಕೇಡಾಯಿ ಅಂದ್ರೆ ಹಾಳಾಯ್ತು. ಕೆಟ್ಟು ಅಂದ್ರೆ ದೀಪ ಆರಿ ಹೋಯ್ತು. ಗಾಳಿ ಮಳೆಯಲ್ಲಿ ನೋಡ್ತಾ ಇದ್ದ ಹಾಗೇ ಬೋಟಿನ ದೀಪ ಕಾಣದೆ ಹೋಯ್ತು ಅಂತ ಅವ ಹೇಳಿದ್ದು. ಸಮುದ್ರದ ಮೇಲೆ ಅದಕ್ಕೆ ಎಂತ ಅರ್ಥ ಅಂತ ನಾನು ಹೇಳ್ಬೇಕಾ?"

ನಾನು ಕೂತುಬಿಟ್ಟೆ. ನಮ್ಮ ಮನೆಯಲ್ಲಿ ದೀಪ ಆರಿತು ಎಂಬ ಮಾತನ್ನು ಬಾಯಿಗೆ ತರಲು ಬಿಡುತ್ತಿರಲಿಲ್ಲ. ದೇವರ ದೀಪವಾದರೆ "ದೊಡ್ಡದು ಮಾಡು" ಅನ್ನಬೇಕು, ತಪ್ಪಿ ಇನ್ನೊಂದು ಅಂದರೆ ಅಮ್ಮ ಬಾಯಿ ಮೇಲೆ ಹೊಡೆಯುತ್ತಿದ್ದಳು. ಅಂಥ ಮಾತನ್ನು ಪೌಲೋಸ್ ಆಂತೋಣಿಯ ಹೆಂಡತಿಗೆ ಹೇಳಿದ್ದಾನೆ, ನಾನು ಪಕ್ಕದಲ್ಲಿ ನಿಂತು ಹಲ್ಲು ಕಿರಿದು ಪರವಾಗಿಲ್ಲ ಅಂದಿದ್ದೇನೆ. ಅವಳು ನಂಬಿ ಮನೆಗೆ ಹೋಗಿ ಕಾಯಿ ತುರಿದಿದ್ದಾಳೆ.

"ನಾನು ನಾಳೆ ಆಚೆ ಹೋಗಿ ತಿಳಿಸಿ ಬರ್ತೇನೆ" ಅಂದರು ಭಟ್ಟರು. "ನಿಮಗೆ ಭಾಷೆ ತಿಳಿಯದೆ ಆದ ತಪ್ಪು, ಅದಕ್ಕೆ ಎಂತ ಮಾಡ್ಲಿಕ್ಕುಂಟು?"

ಬೇಡ ಅಂದೆ. ಬೇರೆಯವರ ಬಾಯಲ್ಲಿ ಅದು ಇನ್ನೂ ಕ್ರೂರವಾಗುತ್ತದೆ ಅನ್ನಿಸಿತು. ಈಗ ಮತ್ತೆ ನೀರು ದಾಟಿದರೆ ರೈಲು ತಪ್ಪುತ್ತದೆ. ಮರಿಯ ಅಷ್ಟರಲ್ಲಿ ಬಂದರೂ ಬಂದಿರಬಹುದು. ಬರದಿದ್ದರೆ ನಾನೇ ಹೇಳುತ್ತೇನೆ, ಹಿಂತಿರುಗಿದ ಕೂಡಲೇ ಹೇಳುತ್ತೇನೆ. ಊಟ ಸೇರಲಿಲ್ಲ. ಸಾವಿತ್ರಕ್ಕ ಮೊಸರನ್ನ ಕಟ್ಟಿ ಕೊಟ್ಟರು, ಅದು ರೈಲಿನಲ್ಲಿ ಹಾಗೇ ಉಳಿಯಿತು.

ತಿರುವನಂತಪುರ

ಎರ್ಣಾಕುಳಂನಿಂದ ದಕ್ಷಿಣಕ್ಕೆ ಆಗ ಮೀಟರ್ ಗೇಜ್ ಗಾಡಿ. ನಮ್ಮ ಮೈಸೂರಿನ ಗಾಡಿಯ ಹಾಗೇ ಎಲ್ಲ ಕಡೆ ನಿಂತು, ಯೋಗಕ್ಷೇಮ ವಿಚಾರಿಸಿಕೊಂಡು ಹೋಗುತ್ತಿತ್ತು. ಹೊರಗೆ ನೀರು, ತೆಂಗು, ಮತ್ತೆ ನೀರು. ಬೇರೆ ದಿನವಾಗಿದ್ದರೆ ಕಣ್ಣು ತುಂಬ ನೋಡುತ್ತಿದ್ದೆ. ಎದುರು ಸೀಟಿನ ಮುದುಕಿ ನನ್ನನ್ನು ಏನೋ ಕೇಳಿದಳು. ಎಲ್ಲಿಗೆ ಹೋಗುತ್ತೀಯಾ, ಮಕ್ಕಳೆಷ್ಟು ಅಂತಲೇ ಇರಬೇಕು. ನಾನು ಬಾಯಿ ತೆರೆಯಲಿಲ್ಲ. ನನ್ನ ಬಾಯಿಯ ಮೇಲೆ ನನಗೇ ಹೆದರಿಕೆ ಹುಟ್ಟಿತ್ತು.

ಸಂಕಿರಣ ಒಂದು ಎಂಜಿನಿಯರಿಂಗ್ ಕಾಲೇಜಿನ ಸಭಾಂಗಣದಲ್ಲಿ. ಬಿಳಿ ಮುಂಡು ಉಟ್ಟ ಪ್ರೊಫೆಸರುಗಳು, ಟೈ ಕಟ್ಟಿದ ಎಂಜಿನಿಯರುಗಳು. ಹೆಂಗಸರು ಅಂತ ಇದ್ದವರು ನಾನು ಮತ್ತು ಚಹಾ ಕೊಡುವಾಕೆ. ಪ್ರಬಂಧ ಓದಿದೆ. ಮುಗಿದ ಮೇಲೆ ಅಧ್ಯಕ್ಷರಾಗಿದ್ದ ವೃದ್ಧ ಪ್ರೊಫೆಸರು ಕೇಳಿದರು: "ನಿಮ್ಮ ಅಧ್ಯಯನ ಮುಗಿಯುವ ತನಕ ಕೆಡದೇ ಇದ್ದ ಎಂಜಿನ್ನುಗಳನ್ನು ಏನು ಮಾಡಿದಿರಿ? ಅವುಗಳ ಕೊನೆ ನೀವು ಕಂಡಿಲ್ಲವಲ್ಲ?"

ಒಳ್ಳೆಯ ಪ್ರಶ್ನೆ ಅದು, ನನ್ನ ಪ್ರಬಂಧದ ಜೀವ ಇದ್ದದ್ದೂ ಅಲ್ಲೇ. ಕೊನೆ ಕಾಣದ್ದನ್ನು ಕೆಟ್ಟಿತು ಅಂತಲೂ ಬರೆಯಬಾರದು, ಚೆನ್ನಾಗಿದೆ ಅಂತಲೂ ಬರೆಯಬಾರದು. ನಾವು ಕಂಡಷ್ಟು ಕಾಲ ಓಡುತ್ತಿತ್ತು ಅಂತ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಅದನ್ನೇ ವಿವರಿಸಿದೆ. ಅವರು ತಲೆಯಾಡಿಸಿ, ಕಣ್ಣು ಮಿಟುಕಿಸಿ, "ಸರಿ. ಇನ್ನೊಂದು. ನಾಳೆ ನಾನು ಒಂದು ಬೋಟು ಹತ್ತುತ್ತೇನೆ ಅನ್ನಿ. ದಡ ಸೇರುತ್ತೇನೋ ಇಲ್ಲವೋ?" ಅಂದರು. ಸಭೆ ನಕ್ಕಿತು.

"ಒಂದು ಬೋಟಿನ ವಿಷಯ ಹೇಳುವುದಕ್ಕಾಗುವುದಿಲ್ಲ ಸಾರ್. ಸಾವಿರ ಬೋಟು ಕೊಟ್ಟರೆ ಹೇಳಬಲ್ಲೆ."

"ಅದೇ ಸರಿಯಾದ ಉತ್ತರ" ಅಂದರು. ಚಪ್ಪಾಳೆ ಬಿತ್ತು. ಇಷ್ಟು ವರ್ಷ ನನ್ನ ಕೆಲಸ ಅರ್ಥಮಾಡಿಕೊಳ್ಳುವ ಒಬ್ಬರು ಸಿಕ್ಕಲಿ ಅಂತ ಹಂಬಲಿಸಿದ್ದೆ, ಸಿಕ್ಕಿದ್ದರು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಫಿಲೋಮಿನಾಗೆ ಇದ್ದದ್ದು ಒಂದೇ ಬೋಟು.

ವಾಪಸು ಗಾಡಿಗೆ ಮರುದಿನದ ತನಕ ಕಾಯಬೇಕಿತ್ತು. ಸಂಜೆ ಚಾಲೈ ಪೇಟೆಯಲ್ಲಿ ಸುಮ್ಮನೆ ನಡೆದೆ. ಅಕ್ಕಿ ಮೂಟೆ, ಬೆಲ್ಲ, ಒಣಮೆಣಸಿನಕಾಯಿ, ಗೊನೆಗೊನೆ ಬಾಳೆಹಣ್ಣು, ಕೈಗಾಡಿಯವರ ಕೂಗು. ನಮ್ಮ ಮಾರ್ಕೆಟ್ಟಿನ ಗಲಾಟೆಯೇ. ಮಲ್ಲಿಗೆ ಬದಲು ಎಣ್ಣೆಯ ವಾಸನೆ ಅಷ್ಟೇ. ಒಂದು ಕಡೆ ಪತ್ರಿಕೆ ಮಾರುತ್ತಿದ್ದರು. ಕೊಂಡೆ. ಕೊಂಡ ಮೇಲೆ ಹೊಳೆಯಿತು, ಮಲಯಾಳ ಓದಲು ನನಗೆ ಬರುವುದಿಲ್ಲ. ದುಂಡುದುಂಡಗಿನ ಅಕ್ಷರಗಳು, ನೋಡಿದರೆ ನಮ್ಮವೇ ಅನ್ನಿಸಬೇಕು, ಒಂದೂ ಬಾಯಿ ಬಿಡುವುದಿಲ್ಲ. ಮೂರನೆಯ ಪುಟದಲ್ಲಿ ಒಂದು ಬೋಟಿನ ಚಿತ್ರವಿತ್ತು. ಪಕ್ಕದ ಪಾತ್ರೆ ಅಂಗಡಿಯ ಯಜಮಾನರ ಮುಂದೆ ಪತ್ರಿಕೆ ಹಿಡಿದು, ಇಂಗ್ಲಿಷಿನಲ್ಲಿ, ಇದರಲ್ಲಿ ಏನು ಬರೆದಿದೆ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿ, ಮಂತ್ರಿಯೊಬ್ಬರು ಹೊಸ ಬೋಟು ಉದ್ಘಾಟಿಸಿದ್ದಾರೆ ಅಂದರು. ಕೊಚ್ಚಿ, ಗಾಳಿಮಳೆ, ಮರಿಯ ಎಂಬ ಬೋಟು, ಏನಾದರೂ ಇದೆಯೇ? ಪಾಪ, ಗಿರಾಕಿಗಳನ್ನು ಬಿಟ್ಟು ಎಲ್ಲ ಪುಟ ತಿರುವಿ ನೋಡಿದರು. "ಇಲ್ಲ" ಅಂದರು.

ಅದೊಂದು ಪದ ಮಾತ್ರ ಎರಡು ಭಾಷೆಯಲ್ಲೂ ಒಂದೇ.

ಫೋರ್ಟ್ ಕೊಚ್ಚಿ, ಕೊನೆಯ ದಿನ

ದೋಣಿ ಇಳಿದಾಗ ಬೆಳಗಿನ ಬಿಸಿಲು. ದಕ್ಕೆಯಲ್ಲಿ ಪೌಲೋಸ್ ಬಲೆ ಹೊಲಿಯುತ್ತ ಕೂತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ. ಕೇಳುವ ಅಗತ್ಯವೇ ಬೀಳಲಿಲ್ಲ. ಹುಡುಕಲು ಹೋದ ಬೋಟುಗಳು ಬರಿಗೈಯಲ್ಲಿ ಬಂದಿದ್ದವು, ಪಾದ್ರಿಗಳು ಮನೆಗೆ ಬಂದು ಪ್ರಾರ್ಥನೆ ಮಾಡಿ ಹೋಗಿದ್ದರು.

ಮನೆಯಲ್ಲಿ ಅತ್ತೆ ಗೋಡೆಗೆ ತಿರುಗಿ ಮಲಗಿದ್ದಳು. ನೆರೆಯ ಹೆಂಗಸರು ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಫಿಲೋಮಿನಾ ಮಾತ್ರ ಅಳುತ್ತಿರಲಿಲ್ಲ. ಅಂಗಳ ಗುಡಿಸುತ್ತಿದ್ದಳು. "ಬನ್ನಿ ಟೀಚರ್" ಅಂದವಳೇ ಒಳಗೆ ಹೋಗಿ ಗಂಜಿ ತಂದಿಟ್ಟಳು. ಅವಳು ಇನ್ನೂ ಒಂದು ಹನಿ ಕಣ್ಣೀರು ಹಾಕಿಲ್ಲ, ಅಳಿಸಲು ನೋಡಿದರೆ "ಟೀಚರ್ ಪರಞ್ಞು" ಅನ್ನುತ್ತಾಳೆ ಎಂದು ಅವಳ ಟೈಪಿಸ್ಟ್ ತಂಗಿ ನನಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕೂತೆವು. ರೈಲಿನುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಹರಕುಮುರುಕು ಮಲಯಾಳದಲ್ಲಿ ಹೇಳಿದೆ. ನಮ್ಮ ಭಾಷೆಯಲ್ಲಿ ಕೆಟ್ಟು ಅಂದರೆ ಬೇರೆ. ದೀಪ ಹಾಳಾಯಿತು ಅಂದುಕೊಂಡೆ. ಆರಿತು ಅಂತ ಗೊತ್ತಿರಲಿಲ್ಲ. ನನಗೆ ಏನೂ ಗೊತ್ತಿಲ್ಲ ಫಿಲೋಮಿನಾ, ನಿನ್ನ ಬೋಟಿನ ವಿಷಯ ನನಗೆ ಏನೇನೂ ಗೊತ್ತಿಲ್ಲ. ಹೇಳುತ್ತ ನನಗೇ ಅಳು ಬಂತು.

ಅವಳು ಕೊನೆಯ ತನಕ ಕೇಳಿದಳು. ಆಮೇಲೆ ಮಗುವಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದಳು. ಅವಳ ಮಾತು ಅವತ್ತಿನಷ್ಟು ಚೆನ್ನಾಗಿ ನನಗೆ ಎಂದೂ ತಿಳಿದಿರಲಿಲ್ಲ.

"ನನಗೆ ಗೊತ್ತಿತ್ತು ಟೀಚರ್. ಪೌಲೋಸ್ ಹೇಳಿದ್ದು ನಿಮಗೆ ತಿಳಿಯಲಿಲ್ಲ ಅಂತ ಆಗಲೇ ಗೊತ್ತಾಯಿತು. ತಿಳಿದವರು ಯಾರಾದರೂ ನಗುತ್ತಾರೆಯೇ? ಅಲ್ಲಿ ಇದ್ದವರ ಮುಖವನ್ನೆಲ್ಲ ನೋಡಿದೆ. ಎಲ್ಲರ ಮುಖದಲ್ಲೂ ಆಂತೋಣಿ ಸತ್ತುಹೋಗಿದ್ದ. ನಿಮ್ಮೊಬ್ಬರ ಮುಖದಲ್ಲಿ ಬದುಕಿದ್ದ. ಅದಕ್ಕೇ ನಿಮ್ಮ ಕೈ ಹಿಡಿದುಕೊಂಡು ಬಂದೆ."

ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಂಗೈ ಒರಟಾಗಿತ್ತು, ಬೂದಿ ಮೆತ್ತಿತ್ತು.

"ಇನ್ನೊಂದು ಸಲ ಹೇಳಿ ಟೀಚರ್. ಅವತ್ತಿನ ಹಾಗೇ. ನಗುತ್ತ."

ಹೇಳಬಾರದು ಅಂತ ನನಗೆ ಗೊತ್ತಿತ್ತು. ಒಂದು ಬೋಟಿನ ವಿಷಯ ಯಾರೂ ಹೇಳಬಾರದು. ಆದರೆ ಆ ಮುಖದ ಮುಂದೆ ಹೇಗೆ ಇಲ್ಲವೆನ್ನಲಿ? "ಸಾರಮಿಲ್ಲ" ಅಂದೆ. ನಗಲು ನೋಡಿದೆ. ತುಟಿಯನ್ನು ಎಷ್ಟು ಎಳೆದರೂ ನಗು ಬರಲಿಲ್ಲ.

ಫಿಲೋಮಿನಾ ನನ್ನ ಮುಖವನ್ನೇ ನೋಡುತ್ತಿದ್ದಳು. ದಕ್ಕೆಯಲ್ಲಿ ನೋಡಿದ ಹಾಗೇ, ಬಹಳ ಹೊತ್ತು. ಆಮೇಲೆ ಮೆಲ್ಲಗೆ ಕೈ ಬಿಟ್ಟಳು. "ಈಗ ನಿಮಗೂ ತಿಳಿಯಿತು" ಅಂದಳು. ಅಂದವಳೇ ನನ್ನ ತೊಡೆಯ ಮೇಲೆ ತಲೆಯಿಟ್ಟು, ಅತ್ತೆ ಒಳಗಿಂದ ಎದ್ದು ಬರುವಷ್ಟು ಗಟ್ಟಿಯಾಗಿ ಅತ್ತಳು.